ಧರೆ ಕಡಿಯುವ ಮೊದಲೇ ತಪಾಸಣೆ ನಡೆಯಲಿ



ತೋಟದೊಳಗೆ ಸ್ವಂತ ವಾಸಕ್ಕೆ ಕಟ್ಟಿಕೊಳ್ಳುವ ಮನೆಗಳಿಗೆ ಗ್ರಾಮ ಪಂಚಾಯಿತಿಯ ಲೈಸೆನ್ಸಿನಿಂದ ಪೂರ್ತಿಯಾಗಿ ವಿನಾಯಿತಿ ಕೊಡಬೇಕೆಂದು ಸರ್ಕಾರವನ್ನು ಒತ್ತಾಯಿಸುವ ಠರಾವಿನ ಕರಡೊಂದು ನಮ್ಮ ಸಂಘದ ಮುಂದಿದೆ. ಅನೇಕ ಸದಸ್ಯರು ಅದಕ್ಕೆ ಸಹಿ ಹಾಕಿದ್ದಾರೆ. ಸಹಿ ಹಾಕಿದವರ ಬೇಸರ ನಮಗೆ ಅರ್ಥವಾಗದ್ದೇನಲ್ಲ. ಹಾಗಿದ್ದರೂ ಆ ಠರಾವು ಈಗಿರುವ ರೂಪದಲ್ಲಿ ಮುಂದೆ ಹೋಗಕೂಡದೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಏಕೆಂಬುದನ್ನು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಸದಸ್ಯರ ದೂರನ್ನೇ ತೆಗೆದುಕೊಳ್ಳೋಣ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರ ಕಾಲದಲ್ಲಿ ಕಷ್ಟವೆಂದರೆ ಹಣದ್ದು, ಮರಮಟ್ಟಿನದ್ದು, ಆಳುಕಾಳಿನದ್ದು. ಈಗ ಪಾಯ ತೆಗೆಯುವ ಮೊದಲೇ ಕಾಗದದ ಕಷ್ಟ ಶುರುವಾಗುತ್ತದೆ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿರುತ್ತದೆ. ಪೌತಿ ಖಾತೆಯಾಗದೆ ಅರ್ಜಿ ಮುಂದೆ ಸಾಗದು. ಖಾತೆ ಆಯಿತೆಂದರೆ ಪೋಡಿ ಆಗಿರುವುದಿಲ್ಲ. ಒಂದೇ ಸರ್ವೆ ನಂಬರಿನಲ್ಲಿ ಅಣ್ಣತಮ್ಮಂದಿರು, ದಾಯಾದಿಗಳು ಎಲ್ಲರ ಹೆಸರೂ ಇರುತ್ತದೆ. ತೋಟದ ಪಕ್ಕದಲ್ಲಿ ಕಾಡಿನ ಗಡಿ ಇದ್ದರೆ ಅರಣ್ಯ ಇಲಾಖೆಯ ಅಭಿಪ್ರಾಯಕ್ಕೆ ಕಾಯಬೇಕು. ಇಷ್ಟೆಲ್ಲ ಮುಗಿಸಿ ಪಂಚಾಯಿತಿಗೆ ಬಂದರೆ ಪಿಡಿಓ ಅವರು ತಾಲ್ಲೂಕು ಕೇಂದ್ರದಲ್ಲಿ ಸಭೆಗೆ ಹೋಗಿರುತ್ತಾರೆ. ಅವರು ಇದ್ದ ದಿನ ಕರೆಂಟು ಇರುವುದಿಲ್ಲ, ಕರೆಂಟು ಇದ್ದ ದಿನ ಕಂಪ್ಯೂಟರು ತೆರೆಯುವುದಿಲ್ಲ. ಹೀಗೆ ಅಲೆದು ಸಾಕಾದವನು ಕೊನೆಗೆ ಮಧ್ಯವರ್ತಿಯ ಕೈಗೆ ಕಾಗದಗಳನ್ನೆಲ್ಲ ಕೊಟ್ಟು, ಕೇಳಿದಷ್ಟು ಕೊಟ್ಟು, ಮನೆಗೆ ಬಂದು ಕೂರುತ್ತಾನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನೆನಪಾಗುವುದು ಸಹಜ.

ಈ ದೂರಿನಲ್ಲಿ ಸುಳ್ಳಿಲ್ಲ. ಆದರೆ ಕಾನೂನು ಏನು ಹೇಳುತ್ತದೆಂಬುದರ ಬಗ್ಗೆ ನಮ್ಮ ಸದಸ್ಯರಲ್ಲಿ ಎರಡು ತಪ್ಪು ತಿಳುವಳಿಕೆಗಳಿವೆ. ಅವನ್ನು ಮೊದಲು ನಿವಾರಿಸಬೇಕಾಗಿದೆ.

ಮೊದಲನೆಯದು, ತೋಟದ ಮನೆಗೆ ಯಾವ ಅನುಮತಿಯೂ ಬೇಡವೆಂಬುದು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಪ್ರಕರಣದ ಪ್ರಕಾರ ರೈತನು ತನ್ನ ಕೃಷಿ ಜಮೀನಿನಲ್ಲಿ ತನ್ನ ವಾಸಕ್ಕೆ, ಸಲಕರಣೆ ಇಡುವುದಕ್ಕೆ, ದನ ಕಟ್ಟುವುದಕ್ಕೆ ತೋಟದ ಮನೆ ಕಟ್ಟಿಕೊಳ್ಳಬಹುದು. ಅದಕ್ಕೆ ಭೂ ಪರಿವರ್ತನೆ ಬೇಕಿಲ್ಲ. ಕಟ್ಟಡದ ಜಾಗವು ಹಿಡುವಳಿಯ ಶೇಕಡಾ 10ನ್ನು ಮೀರಬಾರದು, ಮನೆಯನ್ನು ವಾಣಿಜ್ಯ ಉದ್ದೇಶಕ್ಕೆ ಬಾಡಿಗೆಗೆ ಕೊಡಬಾರದು. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಆದರೆ ಅದೇ ಪ್ರಕರಣವು ಕಟ್ಟಡ ನಿರ್ಮಾಣಕ್ಕೆ ಸಂಬಂಧಿಸಿದ ಇತರ ಕಾನೂನುಗಳಿಗೆ ಒಳಪಟ್ಟು ಎಂಬ ಮಾತಿನಿಂದಲೇ ಆರಂಭವಾಗುತ್ತದೆ. ಆ ಇತರ ಕಾನೂನು ಎಂದರೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣ. ಪಂಚಾಯಿತಿ ವ್ಯಾಪ್ತಿಯಲ್ಲಿ ಯಾರೇ ಕಟ್ಟಡ ಕಟ್ಟಬೇಕಾದರೂ ಪಂಚಾಯಿತಿಯ ಲಿಖಿತ ಅನುಮತಿ ಪಡೆಯಬೇಕೆಂದು ಅದು ಹೇಳುತ್ತದೆ. ಭೂ ಪರಿವರ್ತನೆ ಬೇರೆ, ಕಟ್ಟಡದ ಅನುಮತಿ ಬೇರೆ. ಒಂದು ಬೇಡವಾದ ಮಾತ್ರಕ್ಕೆ ಇನ್ನೊಂದು ಬೇಡವಾಗುವುದಿಲ್ಲ. ತೋಟದ ಮನೆಯೆಂದು ಕಟ್ಟಿ ಪ್ರವಾಸಿಗರಿಗೆ ಕೊಠಡಿ ಬಾಡಿಗೆಗೆ ಕೊಡಲು ಹೊರಟವರು ಪರಿವರ್ತನೆಯ ಪ್ರಶ್ನೆಯನ್ನೂ ಎದುರಿಸಬೇಕಾಗುತ್ತದೆ ಎಂಬುದನ್ನೂ ಇಲ್ಲಿ ನೆನಪಿಸುತ್ತೇವೆ.

ಎರಡನೆಯದು, ಪಂಚಾಯಿತಿ ಎಷ್ಟು ಕಾಲ ಬೇಕಾದರೂ ಅರ್ಜಿಯನ್ನು ಇಟ್ಟುಕೊಳ್ಳಬಹುದೆಂಬುದು. ಹಾಗಿಲ್ಲ. ಅರ್ಜಿ ತಲುಪಿದ 60 ದಿನಗಳೊಳಗೆ ಮಂಜೂರಾತಿಯನ್ನೋ ನಿರಾಕರಣೆಯನ್ನೋ ಲಿಖಿತವಾಗಿ ತಿಳಿಸದಿದ್ದರೆ ಅನುಮತಿ ಕೊಟ್ಟಂತೆಯೇ ಭಾವಿಸತಕ್ಕದ್ದೆಂದು ಕಾಯ್ದೆಯೇ ಹೇಳುತ್ತದೆ. ನಿರಾಕರಿಸಿದರೆ ಕಾರಣ ಕೊಡಬೇಕು; ಅದರ ಮೇಲೆ ಅಪೀಲಿಗೂ ಅವಕಾಶವಿದೆ. 2011ರ ಸಕಾಲ ಕಾಯ್ದೆಯು 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಯಲ್ಲಿದ್ದು, ಅದರಡಿ ಬರುವ ಸೇವೆಗಳಿಗೆ ಅರ್ಜಿ ಕೊಟ್ಟಾಗ 15 ಅಂಕಿಯ ಸಂಖ್ಯೆಯುಳ್ಳ ಸ್ವೀಕೃತಿ ಕೊಡಬೇಕು. ತಡವಾದರೆ ದಿನವೊಂದಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಉಂಟು. ಆದರೆ ಸ್ವೀಕೃತಿಯನ್ನೇ ಪಡೆಯದೆ ಅರ್ಜಿಯನ್ನು ಮೇಜಿನ ಮೇಲಿಟ್ಟು ಬಂದವನಿಗೆ ಈ ಯಾವ ರಕ್ಷಣೆಯೂ ಸಿಗುವುದಿಲ್ಲ. ಅರ್ಜಿ ತಲುಪಿದ ದಿನವೇ ದಾಖಲೆಯಾಗದಿದ್ದರೆ 60 ದಿನವನ್ನು ಎಲ್ಲಿಂದ ಎಣಿಸುವುದು?

ಇದುವರೆಗೆ ಲೈಸೆನ್ಸಿಲ್ಲದೆ ಕಟ್ಟಿದರೂ ಏನೂ ಆಗುತ್ತಿರಲಿಲ್ಲ ಎನ್ನುವವರಿದ್ದಾರೆ. ಆ ಕಾಲ ಮುಗಿಯುತ್ತ ಬಂದಿದೆ. ನಿರ್ಮಾಣ ಮುಗಿದುದಕ್ಕೆ ಅಥವಾ ವಾಸಕ್ಕೆ ಅರ್ಹವೆಂಬುದಕ್ಕೆ ಸ್ಥಳೀಯ ಸಂಸ್ಥೆಯ ಪ್ರಮಾಣಪತ್ರ ಹಾಜರುಪಡಿಸಿದ ನಂತರವೇ ಕಟ್ಟಡಗಳಿಗೆ ವಿದ್ಯುತ್, ನೀರು ಮುಂತಾದ ಸಂಪರ್ಕ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2024ರ ಡಿಸೆಂಬರ್ 17ರಂದು ತೀರ್ಪು ಕೊಟ್ಟಿತು. ಅದರ ಬಿಸಿ 2025ರಲ್ಲಿ ನಮ್ಮ ರಾಜ್ಯದಲ್ಲಿ ಮನೆ ಕಟ್ಟಿದ ಬಹಳ ಮಂದಿಗೆ ತಟ್ಟಿತು. ಸಣ್ಣ ಮನೆಗಳಿಗೆ ಸರ್ಕಾರ ಸಡಿಲಿಕೆ ತೋರಿದೆಯಾದರೂ, ಯಾವ ಸಡಿಲಿಕೆ ಯಾವ ಊರಿಗೆ, ಎಷ್ಟು ಅಳತೆಯ ಮನೆಗೆ ಎಂಬುದನ್ನು ವಿದ್ಯುತ್ ಕಚೇರಿಯಲ್ಲಿ ವಿಚಾರಿಸಿಕೊಂಡೇ ಮುಂದುವರಿಯಬೇಕು. ತಾರಸಿ ಹಾಕಿ, ಬಣ್ಣ ಬಳಿದು, ಗೃಹಪ್ರವೇಶಕ್ಕೆ ದಿನ ಇಟ್ಟ ಮೇಲೆ ಮೀಟರಿಗಾಗಿ ಓಡಾಡುವುದು ಯಾರಿಗೂ ಬೇಡ.

ಇಷ್ಟನ್ನು ಹೇಳಿದ್ದು ಕಾಗದದ ಲೆಕ್ಕಕ್ಕಾಯಿತು. ನಮ್ಮ ಮುಖ್ಯವಾದ ಮಾತು ಮೀಟರಿನದ್ದಲ್ಲ, ಗುಡ್ಡದ್ದು.

ಲೈಸೆನ್ಸಿಗೆ ಲಗತ್ತಿಸುವ ನಕ್ಷೆಗಳನ್ನು ಸದಸ್ಯರು ಒಮ್ಮೆ ಬಿಡಿಸಿ ನೋಡಬೇಕು. ನಮ್ಮ ಕಣ್ಣಿಗೆ ಬಿದ್ದ ನಕ್ಷೆಗಳಲ್ಲಿ ಹಾಲು, ಅಡುಗೆಮನೆ, ದೇವರ ಕೋಣೆ, ಕಾರು ನಿಲ್ಲಿಸುವ ಜಾಗ ಎಲ್ಲವೂ ಅಡಿ ಅಂಗುಲದ ಲೆಕ್ಕದಲ್ಲಿವೆ. ಮನೆಯ ಹಿಂದೆ ಎಷ್ಟು ಎತ್ತರದ ಧರೆ ಕಡಿಯುತ್ತಾರೆ, ಕಡಿದ ಮಣ್ಣನ್ನು ಎಲ್ಲಿಗೆ ತಳ್ಳುತ್ತಾರೆ, ಮೇಲಿನ ತೋಟದ ನೀರು ಯಾವ ಕಡೆಗೆ ಹರಿದು ಹೋಗಬೇಕು ಎಂಬುದು ಮಾತ್ರ ಎಲ್ಲೂ ಇಲ್ಲ. ಬಯಲುಸೀಮೆಯ ಪಟ್ಟಣದಲ್ಲಿ ಮೂವತ್ತಕ್ಕೆ ನಲವತ್ತರ ನಿವೇಶನಕ್ಕೆ ಬರೆದ ನಕ್ಷೆಯನ್ನೇ ಮಲೆನಾಡಿನ ಇಳಿಜಾರಿಗೂ ಬರೆಯುತ್ತಾರೆ. ಸಾಮಾನ್ಯವಾಗಿ ಪಂಚಾಯಿತಿಗೆ ತನ್ನದೇ ಆದ ಇಂಜಿನಿಯರು ಇರುವುದಿಲ್ಲ. ತಾಲ್ಲೂಕಿನ ಇಂಜಿನಿಯರಿಗೆ ರಸ್ತೆ, ಶಾಲೆ, ಕುಡಿಯುವ ನೀರು ಎಂದು ನೂರು ಕೆಲಸ. ಹೀಗಾಗಿ ಸ್ಥಳ ತಪಾಸಣೆ ಎಂಬ ಕಾಲಮ್ಮಿನಲ್ಲಿ ಬಹುಪಾಲು ಕಚೇರಿಯಲ್ಲಿ ಕುಳಿತೇ ರುಜು ಬೀಳುತ್ತದೆ.

ನಮ್ಮ ಭಾಗದ ಒಬ್ಬ ಬೆಳೆಗಾರರ ಉದಾಹರಣೆ ಹೇಳಬಹುದು. ಊರು, ಹೆಸರು ಇಲ್ಲಿ ಬೇಡ. ಲೈಸೆನ್ಸು ಕ್ರಮವಾಗಿತ್ತು, ತೆರಿಗೆ ಕಟ್ಟಿದ್ದರು, ಬ್ಯಾಂಕಿನ ಸಾಲವೂ ಆಗಿತ್ತು. ಮನೆಗೂ ಕಾಫಿ ಕಣಕ್ಕೂ ಸೇರಿಸಿ ಸಮತಟ್ಟು ಬೇಕೆಂದು ಏಪ್ರಿಲ್ ತಿಂಗಳಲ್ಲಿ ಜೇಸಿಬಿ ತರಿಸಿ ಎರಡಾಳು ಎತ್ತರಕ್ಕೂ ಮಿಕ್ಕಿ ಧರೆ ಕಡಿಸಿದರು. ಧರೆಯ ನೆತ್ತಿಯ ಮೇಲೆಯೇ ನೀರಿನ ಟ್ಯಾಂಕು. ಧರೆಗೆ ಒತ್ತಿ ಒಂದು ಕಲ್ಲಿನ ಗೋಡೆ ಎಬ್ಬಿಸಿದರು. ನೀರು ಬಸಿಯಲು ಅದರಲ್ಲಿ ಒಂದು ತೂತೂ ಇರಲಿಲ್ಲ. ಮುಂದಿನ ಮಳೆಗಾಲದಲ್ಲಿ ಗೋಡೆಯ ಹಿಂದೆ ನೀರು ತುಂಬಿ, ಗೋಡೆಸಮೇತ ಧರೆ ಜರಿದು ಅಡುಗೆಮನೆಯೊಳಗೆ ಬಂದು ನಿಂತಿತು. ಮನೆಯವರು ಆ ಹೊತ್ತಿನಲ್ಲಿ ಜಗಲಿಯಲ್ಲಿದ್ದುದರಿಂದ ಪ್ರಾಣ ಉಳಿಯಿತು. ಅವರ ಲೈಸೆನ್ಸಿನಲ್ಲಿ ಹುಡುಕಿದರೂ ಒಂದು ತಪ್ಪು ಸಿಗುವುದಿಲ್ಲ. ಯಾರಾದರೂ ತಿಳಿದವರು ಜೇಸಿಬಿ ಬರುವ ಮೊದಲು ಆ ಜಾಗದಲ್ಲಿ ಒಂದು ಗಂಟೆ ನಿಂತಿದ್ದರೆ ಸಾಕಿತ್ತು.

ಕೊಡಗಿನಲ್ಲಿ 2018ರ ಆಗಸ್ಟ್ ತಿಂಗಳಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ಮುಕ್ಕೋಡ್ಲು ಭಾಗಗಳಲ್ಲಿ ಆದುದನ್ನು ಯಾರೂ ಮರೆತಿಲ್ಲ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳ ಸರದಿ ಬಂತು. 2024ರ ಜುಲೈ 16ರಂದು ಅಂಕೋಲದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ, ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು. ಇವೆಲ್ಲವೂ ಮನೆ ಕಟ್ಟಿದ್ದರಿಂದ ಆದವೆಂದು ಹೇಳಿದರೆ ಅದು ಅನ್ಯಾಯವಾದೀತು. ವಯನಾಡಿನಲ್ಲಿ ಎಷ್ಟೋ ಮೇಲಿನ ಗುಡ್ಡ ಅತಿಯಾದ ಮಳೆಗೆ ಒಡೆದು ಹೊಳೆಯ ಹಾದಿಯಲ್ಲಿ ಇಳಿದು ಬಂತು. ಆದರೆ ಕೊಡಗಿನ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು ಅತಿವೃಷ್ಟಿಯ ಜೊತೆಗೆ, ಮನೆ ಮತ್ತು ರಸ್ತೆಗಳಿಗಾಗಿ ಇಳಿಜಾರನ್ನು ಕಡಿದುದನ್ನೂ ಕಾರಣವಾಗಿ ಎತ್ತಿ ಹೇಳಿದರು. ಮಳೆಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಮನೆಯನ್ನು ಎಲ್ಲಿ ಕಟ್ಟಬೇಕು, ಧರೆಯನ್ನು ಎಷ್ಟು ಕಡಿಯಬೇಕು ಎಂಬುದು ನಮ್ಮ ಕೈಯಲ್ಲಿದೆ.

ವಿಚಿತ್ರವೆಂದರೆ ಬೆಳೆಗಾರನಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಯೇ ಇಲ್ಲ. ಕಾಫಿ ತೋಟದಲ್ಲಿ ಮಣ್ಣು ಕೊಚ್ಚಿ ಹೋಗದಂತೆ ಇಳಿಜಾರಿಗೆ ಅಡ್ಡಲಾಗಿ ತೊಟ್ಟಿಲು ಗುಂಡಿ ತೆಗೆಸುವವರು ನಾವು. ಅಡಿಕೆ ತೋಟದಲ್ಲಿ ಒಂದು ಬಸಿಗಾಲುವೆ ಕಟ್ಟಿಕೊಂಡರೆ ಮರ ಸೊರಗುತ್ತದೆಂದು ಮಳೆಗಾಲದ ನಡುವೆ ಹಾರೆ ಹಿಡಿದು ಹೋಗುವವರೂ ನಾವೇ. ನೀರಿಗೆ ದಾರಿ ಬಿಡದಿದ್ದರೆ ಅದು ತಾನೇ ದಾರಿ ಮಾಡಿಕೊಳ್ಳುತ್ತದೆಂದು ಮಕ್ಕಳಿಗೆ ಹೇಳುತ್ತೇವೆ. ತೋಟಕ್ಕೆ ಇರುವ ಈ ಎಚ್ಚರ ಮನೆಯ ಹಿತ್ತಿಲಿಗೆ ಬಂದೊಡನೆ ಹೇಗೋ ಮಾಯವಾಗುತ್ತದೆ. ಕೊಳೆ ರೋಗಕ್ಕೆ ಶೇಕಡಾ ಒಂದರ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಹೊಡೆಯಬೇಕು. ಕಾಯಿ ಉದುರಿದ ಮೇಲೆ ಹೊಡೆದರೆ ಔಷಧಿಯೂ ದಂಡ, ಕೂಲಿಯೂ ದಂಡ. ತಾರಸಿಯಾದ ಮೇಲಿನ ತಪಾಸಣೆಯೂ ಹಾಗೆಯೇ.

ಇಲ್ಲಿ ಇನ್ನೊಂದು ಮಾತನ್ನು ನಿಷ್ಠುರವಾಗಿ ಹೇಳಬೇಕಾಗಿದೆ. ತೋಟದ ಮನೆಗಳಿಗೆ ವಿನಾಯಿತಿ ಎಂದಾಗ ಎಲ್ಲರ ಕಣ್ಣಮುಂದೆ ಬರುವುದು ಯಜಮಾನರ ಮನೆ. ತೋಟದಲ್ಲಿ ಲೈನು ಮನೆಗಳೂ ಇವೆ. ಸಮತಟ್ಟಾದ ಒಳ್ಳೆಯ ಜಾಗ ಮನೆಗೆ, ಕಣಕ್ಕೆ, ಗೋದಾಮಿಗೆ ಹೋದ ಮೇಲೆ ಉಳಿದ ಹಳ್ಳದ ಅಂಚೋ ಧರೆಯ ಬುಡವೋ ಅವುಗಳ ಪಾಲಿಗೆ ಬರುತ್ತದೆ. ಅವುಗಳಿಗೆ ನಕ್ಷೆ ಬರೆಸುವವರೂ ಕಡಿಮೆ, ಲೈಸೆನ್ಸು ಕೇಳುವವರೂ ಕಡಿಮೆ. ಕಾರ್ಮಿಕರಿಗೆ ವಸತಿ ಒದಗಿಸಿ ಅದನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯ್ದೆ ಮಾಲೀಕರ ಮೇಲೆ ಹೊರಿಸಿತ್ತು. ಅಂಥ ಮನೆ ಕುಸಿದು ಸಾವುನೋವಾದರೆ ಪರಿಹಾರದ ಹೊಣೆಯೂ ಮುಂದೆ ಅದಕ್ಕೆ ಸೇರಿತು. ಈ ಎರಡು ಹೊಣೆಗಳೂ 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಮುಂದುವರಿದಿವೆ. ಸಣ್ಣ ಹಿಡುವಳಿಗೆ ಆ ಕಾನೂನು ಅನ್ವಯಿಸದಿರಬಹುದು. ನಮ್ಮ ತೋಟದಲ್ಲಿ ದುಡಿದು ನಮ್ಮ ಧರೆಯ ಬುಡದಲ್ಲಿ ಮಲಗುವ ಸಂಸಾರದ ಹೊಣೆ ನಮ್ಮದಲ್ಲವೆಂದು ಹೇಳಲು ಯಾವ ಬೆಳೆಗಾರನಿಗೂ ಬಾಯಿ ಬಾರದು. ಲೈಸೆನ್ಸಿನಿಂದ ನಮಗೆ ವಿನಾಯಿತಿ ಸಿಕ್ಕಿದರೆ ತಪಾಸಣೆಯಿಂದ ಮೊದಲು ವಂಚಿತರಾಗುವವರು ಇವರೇ.

ಹಾಗಾದರೆ ಕಚೇರಿಗಳ ತಪ್ಪೇನೂ ಇಲ್ಲವೆ? ಖಂಡಿತ ಇದೆ. ಅದು ಕೇವಲ ತೊಂದರೆ ಕೊಡುವ ತಪ್ಪಲ್ಲ, ಅಪಾಯ ತಂದೊಡ್ಡುವ ತಪ್ಪು. ಮಲೆನಾಡಿನಲ್ಲಿ ಮನೆ ಕಟ್ಟುವ ಋತು ಚಿಕ್ಕದು. ಮಳೆ ನಿಂತೊಡನೆ ಅಡಿಕೆ ಕೊಯ್ಲು. ನವೆಂಬರಿನಿಂದ ಅರೇಬಿಕಾ, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ. ಆಳುಗಳು ಬಿಡುವಾಗಿ ಕೈಯಲ್ಲಿ ನಾಲ್ಕು ಕಾಸು ಬರುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಜೂನ್ ಮೊದಲ ವಾರಕ್ಕೆ ಮಳೆ. ಡಿಸೆಂಬರಿನಲ್ಲಿ ಕೊಟ್ಟ ಅರ್ಜಿ ಏಪ್ರಿಲ್ ಕೊನೆಗೆ ಮಂಜೂರಾದರೆ ಮನುಷ್ಯ ಏನು ಮಾಡುತ್ತಾನೆ? ಮೇ ತಿಂಗಳಲ್ಲಿ ಅವಸರವಾಗಿ ಧರೆ ಕಡಿಸುತ್ತಾನೆ. ಕಟ್ಟಣೆ ಏರುವ ಮೊದಲೇ, ಹುಲ್ಲು ಹಿಡಿಯುವ ಮೊದಲೇ, ಹಸಿ ಮಣ್ಣಿನ ಮೇಲೆ ಮುಂಗಾರು ಬಂದು ಬೀಳುತ್ತದೆ. ಕಾಗದ ತಡವಾದಷ್ಟೂ ಗುಡ್ಡಕ್ಕೆ ಅಪಾಯ ಹೆಚ್ಚು. ಈ ಮಾತನ್ನು ಅಧಿಕಾರಿಗಳಿಗೆ ನಾವು ಗಟ್ಟಿಯಾಗಿ ಹೇಳಬೇಕು. 60 ದಿನ ಕಳೆದರೆ ಅನುಮತಿ ಸಿಕ್ಕಂತೆಯೇ ಎಂಬ ನಿಯಮ ದಂಡದಿಂದ ರೈತನನ್ನು ಉಳಿಸೀತು. ಜರಿಯುವ ಧರೆಯಿಂದ ಉಳಿಸದು.

ಆದಕಾರಣ ವಿನಾಯಿತಿ ಕೇಳುವ ಠರಾವಿನ ಬದಲು ಈ ಕೆಳಗಿನ ಬೇಡಿಕೆಗಳನ್ನು ಸರ್ಕಾರದ ಮುಂದಿಡುವುದು ಉಚಿತವೆಂದು ಸೂಚಿಸುತ್ತೇವೆ.

1. ಇಳಿಜಾರಿನ ಜಾಗಕ್ಕೆ ಅರ್ಜಿ ಬಂದಾಗ ಧರೆಯ ಎತ್ತರ, ನೀರು ಹರಿಯುವ ದಿಕ್ಕು, ಮಣ್ಣು ಹಾಕುವ ಸ್ಥಳ, ಇಂಗುಗುಂಡಿಯ ಸ್ಥಳ ಇವನ್ನು ತೋರಿಸುವ ಒಂದು ಅಡ್ಡಸೀಳಿಕೆಯ ನಕ್ಷೆಯನ್ನು ಕಡ್ಡಾಯ ಮಾಡಬೇಕು.

2. ತಪಾಸಣೆ ಮೂರು ಸಲ, ಸ್ಥಳದಲ್ಲಿಯೇ ನಡೆಯಬೇಕು: ಧರೆ ಕಡಿಯುವ ಮೊದಲು, ಪಾಯ ಮತ್ತು ತಡೆಗೋಡೆ ಏಳುವಾಗ, ಮನೆ ಮುಗಿದ ಮೇಲೆ. ಪ್ರತಿ ಸಲವೂ ಕಂಡದ್ದನ್ನು ಬರೆದು ಮನೆಯವರಿಗೆ ಒಂದು ಪ್ರತಿ ಕೊಡಬೇಕು.

3. ಮಲೆನಾಡಿನ ತಾಲ್ಲೂಕುಗಳಲ್ಲಿ ನಾಲ್ಕಾರು ಪಂಚಾಯಿತಿಗಳಿಗೆ ಸೇರಿ ಒಬ್ಬ ಇಂಜಿನಿಯರನ್ನು ಈ ಕೆಲಸಕ್ಕೆಂದೇ ನೇಮಿಸಬೇಕು. ಅದಕ್ಕೆ ನ್ಯಾಯವಾದ ಶುಲ್ಕ ಕೊಡಲು ಬೆಳೆಗಾರರು ಹಿಂಜರಿಯಬಾರದು. ಮಧ್ಯವರ್ತಿಗೆ ಕೊಡುವುದಕ್ಕಿಂತ ಅದು ಲೇಸು.

4. ಮಳೆಗಾಲದಲ್ಲಿ ಬಂದ ಅರ್ಜಿಗಳನ್ನು ದೀಪಾವಳಿಯೊಳಗೆ ಇತ್ಯರ್ಥಪಡಿಸಬೇಕು.

ತಪಾಸಣೆ ಹೆಚ್ಚಿದರೆ ಲಂಚವೂ ಹೆಚ್ಚೀತೆಂಬ ಆಕ್ಷೇಪ ಬರುವುದು ನಮಗೆ ಗೊತ್ತಿದೆ. ಅದು ತಳ್ಳಿಹಾಕುವಂಥದ್ದಲ್ಲ. ಆದರೆ ಲಂಚ ಬೆಳೆಯುವುದು ಏನನ್ನು ನೋಡುತ್ತಾರೆ, ಎಂದು ನೋಡುತ್ತಾರೆ ಎಂಬುದು ಅರ್ಜಿದಾರನಿಗೆ ತಿಳಿಯದಿರುವ ಕಡೆ. ನೋಡಬೇಕಾದ ಅಂಶಗಳು ಅಚ್ಚಾದ ನಮೂನೆಯಲ್ಲಿದ್ದು, ಬಂದ ದಿನಾಂಕ ಬರೆದು, ಪ್ರತಿಯೊಂದು ನಮ್ಮ ಕೈಗೆ ಬಂದರೆ ಕೈ ಚಾಚುವುದು ಅಷ್ಟು ಸುಲಭವಾಗದು. ಅಂಥ ಪ್ರತಿಗಳನ್ನು ಸದಸ್ಯರು ಸಂಘಕ್ಕೂ ತಂದುಕೊಟ್ಟರೆ, ಎಲ್ಲಿ ತಡವಾಗುತ್ತಿದೆ, ಯಾಕೆ ತಡವಾಗುತ್ತಿದೆ ಎಂಬ ಲೆಕ್ಕ ನಮ್ಮಲ್ಲಿರುತ್ತದೆ. ಒಬ್ಬನೇ ಹೋಗಿ ಕೇಳಿದರೆ ಸಿಗದ ಉತ್ತರ ಸಂಘದ ಪತ್ರಕ್ಕೆ ಸಿಗುತ್ತದೆ. ಸಹಕಾರವೆಂದರೆ ಗೊಬ್ಬರ ಹಂಚುವುದಷ್ಟೇ ಅಲ್ಲವಲ್ಲ.

ಸರ್ಕಾರ ಒಪ್ಪುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಬರುವ ವರ್ಷ ಮನೆ, ಲೈನು ಅಥವಾ ಗೋದಾಮು ಕಟ್ಟುವ ಯೋಚನೆಯಿರುವ ಸದಸ್ಯರು ಈ ಕೆಲವು ವಿಷಯಗಳನ್ನು ಗಮನಿಸಬೇಕೆಂದು ಕೋರುತ್ತೇವೆ.

ಪೌತಿ ಖಾತೆ, ಪೋಡಿ ಕೆಲಸಗಳನ್ನು ಮನೆಯ ಯೋಚನೆ ಹುಟ್ಟಿದ ದಿನವೇ ಶುರುಮಾಡಿ. ಜಾಗ ಪರಿವರ್ತನೆ ಮಾಡಿಸುವುದಿದ್ದರೆ 11ಇ ನಕ್ಷೆಗೆ ಮೊದಲೇ ಅರ್ಜಿ ಹಾಕಿ. ಪಂಚಾಯಿತಿಗೆ ಅರ್ಜಿಯನ್ನು ಆಷಾಢ ಶ್ರಾವಣದಲ್ಲಿ ಕೊಡಿ, ಸ್ವೀಕೃತಿಯಿಲ್ಲದೆ ಹಿಂದಿರುಗಬೇಡಿ.

ಜಾಗವನ್ನು ಗೊತ್ತುಮಾಡುವುದು ಬೇಸಗೆಯಲ್ಲಲ್ಲ, ಮಳೆಗಾಲದಲ್ಲಿ. ಜುಲೈ ತಿಂಗಳ ಜಡಿಮಳೆಯಲ್ಲಿ ಕಂಬಳಿ ಹೊದ್ದು ಅಲ್ಲಿ ಹೋಗಿ ನಿಂತರೆ ನೀರು ಎಲ್ಲಿಂದ ಬರುತ್ತದೆ, ಒರತೆ ಎಲ್ಲಿ ಏಳುತ್ತದೆ ಎಂದು ಜಾಗವೇ ಹೇಳುತ್ತದೆ. ಒರತೆ ಏಳುವ ಕಡೆ, ಹಳೆಯ ಹಳ್ಳ ಮುಚ್ಚಿದ ಕಡೆ, ತುಂಬಿದ ಸಡಿಲ ಮಣ್ಣಿನ ಮೇಲೆ ಮನೆ ಬೇಡ.

ಒಂದೇ ಎತ್ತರದ ಧರೆ ಕಡಿಯುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ, ಮನೆಯನ್ನೂ ಇಳಿಜಾರಿಗೆ ಹೊಂದಿಸಿ ಎರಡು ಮಟ್ಟದಲ್ಲಿ ಕಟ್ಟಬಹುದು. ನಮ್ಮ ಹಳೆಯ ಮನೆಗಳಲ್ಲಿ ಕೊಟ್ಟಿಗೆ ಒಂದು ಮಟ್ಟ, ಅಂಗಳ ಒಂದು ಮಟ್ಟ, ಜಗಲಿ ಒಂದು ಮಟ್ಟ ಇದ್ದದ್ದು ಸುಮ್ಮನೆಯಲ್ಲ. ತಡೆಗೋಡೆ ಕಟ್ಟಿಸುವಾಗ ನೀರು ಬಸಿಯುವ ತೂತುಗಳನ್ನು ಬಿಡಿಸಿ, ಗೋಡೆಯ ಹಿಂದೆ ಜಲ್ಲಿ ತುಂಬಿಸಿ, ಧರೆಯ ನೆತ್ತಿಯಲ್ಲಿ ಒಂದು ಕಾಲುವೆ ತೆಗೆಸಿ. ಎತ್ತರದ ಗೋಡೆಯಾದರೆ ಮೇಸ್ತ್ರಿಯ ಅಂದಾಜಿಗೆ ಬಿಡದೆ ಇಂಜಿನಿಯರಿಂದ ಲೆಕ್ಕ ಹಾಕಿಸಿ. ನೀರಿನ ಟ್ಯಾಂಕು, ಇಂಗುಗುಂಡಿಗಳು ಧರೆಯ ಮೇಲ್ಭಾಗದಲ್ಲಿ ಬೇಡ.

ಇನ್ನು ಈ ಮಳೆಗಾಲಕ್ಕೆ ಮೊದಲೇ ಪ್ರತಿಯೊಬ್ಬ ಸದಸ್ಯರೂ ತಮ್ಮ ತೋಟದ ಲೈನು ಮನೆಗಳ ಹಿಂದಿನ ಧರೆಯನ್ನು ಒಮ್ಮೆ ಖುದ್ದಾಗಿ ನೋಡಿ ಬರಬೇಕು. ಬಿರುಕು ಕಂಡರೆ, ಮರ ವಾಲಿದ್ದರೆ, ಎಂದೂ ನೀರು ಬಾರದ ಕಡೆ ನೀರು ಜಿನುಗುತ್ತಿದ್ದರೆ ಆ ಸಂಸಾರವನ್ನು ಬೇರೆಡೆಗೆ ಸಾಗಿಸಿದ ಮೇಲೆಯೇ ಮಿಕ್ಕ ಮಾತು. ಅದಕ್ಕೆ ಯಾವ ಕಚೇರಿಯ ಲೈಸೆನ್ಸೂ ಬೇಕಾಗಿಲ್ಲ.

ಠರಾವಿನ ಬಗ್ಗೆ ಭಿನ್ನಾಭಿಪ್ರಾಯವುಳ್ಳ ಸದಸ್ಯರು ಸಂಘದ ಕಚೇರಿಗೆ ಬರೆದು ತಿಳಿಸಬೇಕಾಗಿ ವಿನಂತಿ. ಪರವಾಗಿರಲಿ, ವಿರೋಧವಾಗಿರಲಿ, ಬಂದ ಪತ್ರಗಳನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.